ಮುಖ ನೋಡುವವಳು

ಆ ಭಾಗದವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಅವಳು ಕನ್ನಡಕ ಹಾಕುತ್ತಿರಲಿಲ್ಲ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಣ್ಣು ಪರೀಕ್ಷೆ ಮಾಡುವ ವೈದ್ಯರು ಒಳಕೋಣೆಯಲ್ಲಿ, ಗಾಜು ಉಜ್ಜುವವನು ಹಿತ್ತಲ ಕೋಣೆಯಲ್ಲಿ, ಇವಳು ಮುಂದುಗಡೆ. ಇವಳ ಮೇಜಿನ ಮೇಲೆ ಒಂದು ದುಂಡು ಕನ್ನಡಿ ಮತ್ತು ಸದಾ ಬಿಸಿಯಾಗಿರುವ ಮರಳಿನ ತಟ್ಟೆ. ಚೌಕಟ್ಟಿನ ಕಡ್ಡಿಯನ್ನು ಮರಳಿನಲ್ಲಿ ಹುದುಗಿಸಿ ಮೆದುವಾದ ಮೇಲೆ ಕಿವಿಯ ಹಿಂದೆ ಕೂರುವಂತೆ ಬಾಗಿಸಬೇಕು, ಬಾಗಿಸಿ ಗಿರಾಕಿಯ ಮುಖಕ್ಕೆ ಹಾಕಿ ಓರೆಯಾಗಿದೆಯೇ ಎಂದು ನೋಡಬೇಕು. ಯಾರ ಎರಡು ಕಿವಿಯೂ ಒಂದೇ ಮಟ್ಟದಲ್ಲಿರುವುದಿಲ್ಲ ಎಂಬುದನ್ನು ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಡುಕೊಂಡಳು. ಕಂಡದ್ದನ್ನು ಅವರಿಗೆ ಹೇಳಬಾರದು ಎಂಬುದನ್ನು ಕಲಿಯಲು ಸ್ವಲ್ಪ ಸಮಯ ಹಿಡಿಯಿತು.

ಅಂಗಡಿ ಮುಚ್ಚಿದ ಮೇಲೆ ಅವಳು ಪಕ್ಷದ ಕೆಲಸ ಮಾಡುತ್ತಿದ್ದಳು. ಚುನಾವಣೆ ಹತ್ತಿರ ಬಂದಾಗ ಮನೆ ಮನೆಗೆ ಹೋಗಿ ಮತ ಕೇಳುವ ಕೆಲಸ. ಅವಳ ಜೊತೆ ಹೋಗುತ್ತಿದ್ದವಳು ನಾದಿನಿ, ಗಂಡನ ತಂಗಿ. ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕುಳಿತು ಯಾವ ಬಸ್ಸು ಯಾವ ಕಡೆ ನಿಂತಿದೆ, ಯಾವುದು ತಡ ಎಂದು ಹೇಳುವುದು ಆಕೆಯ ಉದ್ಯೋಗ. ಒಬ್ಬಳು ದಿನವಿಡೀ ಬಾಯಿ ಮುಚ್ಚಿಕೊಂಡು ಮುಖ ನೋಡುವವಳು, ಇನ್ನೊಬ್ಬಳು ದಿನವಿಡೀ ಯಾರ ಮುಖವನ್ನೂ ನೋಡದೆ ಮಾತಾಡುವವಳು. ಇವರಿಬ್ಬರನ್ನು ಜೋಡಿ ಮಾಡಿದವಳು ಅತ್ತೆ. ಪಕ್ಷದ ಮಹಿಳಾ ಶಾಖೆ ಕಟ್ಟಿದವರಲ್ಲಿ ಒಬ್ಬಳಾದ ಆಕೆ ಗಟ್ಟಿಗಿತ್ತಿ. ಮಗಳಿಗೆ ಬಾಯಿದೆ, ಸೊಸೆಗೆ ಕಣ್ಣಿದೆ, ಎರಡೂ ಒಬ್ಬಳಿಗೇ ಇದ್ದಿದ್ದರೆ ನನಗೆ ಒಂದು ಜೊತೆ ಚಪ್ಪಲಿಯ ಖರ್ಚು ಉಳಿಯುತ್ತಿತ್ತು ಎನ್ನುತ್ತಿದ್ದಳಂತೆ.

ಆಕೆ ಹಾಕಿಕೊಟ್ಟ ಪದ್ಧತಿ ಇದು: ಬಾಗಿಲು ತಟ್ಟಿ ಮಾತಾಡುವವಳು ಒಬ್ಬಳೇ. ಇನ್ನೊಬ್ಬಳು ಅವಳ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತು ಬಾಗಿಲು ತೆರೆದವರ ಮುಖವನ್ನು ನೋಡಬೇಕು. ಮಾತಾಡುವವರಿಗೆ ಎದುರಿನವರ ಮುಖ ಕಾಣುವುದಿಲ್ಲ, ತಮ್ಮ ಮಾತೇ ಕಣ್ಣಿಗೆ ಅಡ್ಡ ಬರುತ್ತದೆ. ನೋಡುವವಳು ಬಾಯಿ ಬಿಟ್ಟಳೋ, ನೋಡುವುದು ನಿಂತಿತು. ಬಾಗಿಲು ಮುಚ್ಚಿ ಮೆಟ್ಟಿಲ ತಿರುವಿಗೆ ಬಂದ ಮೇಲೆ ಮಾತಾಡಿದವಳು ‘ಏನು?’ ಎಂದು ಕೇಳುತ್ತಾಳೆ, ನೋಡಿದವಳು ಹೇಳುತ್ತಾಳೆ. ಹೆಚ್ಚು ತಲೆಯಾಡಿಸಿದವರು ಮತ ಹಾಕುವುದಿಲ್ಲ. ಚರಂಡಿಯ ಬಗ್ಗೆ ಬೈದು ಜಗಳಕ್ಕೆ ನಿಂತವರು ಖಂಡಿತ ಹಾಕುತ್ತಾರೆ. ಒಳಗೆ ಬನ್ನಿ, ನೀರು ಕುಡಿಯಿರಿ ಎಂದವರು ಆಗಲೇ ಬೇರೆಯವರಿಗೆ ಮಾತು ಕೊಟ್ಟಿರುತ್ತಾರೆ. ಕನ್ನಡಕದಕ್ಕ ಹೇಳಿದ್ದು ತಪ್ಪಾದದ್ದು ಕಡಿಮೆ.

ತಿರುವಿನಲ್ಲಿ ಹೇಳಬೇಕಾದದ್ದು ಒಂದು ಮಾತು. ಆದರೆ ಒಂದು ಮಾತಿಗೆ ನಿಲ್ಲುವ ಹೆಂಗಸರನ್ನು ಲೋಕ ಇನ್ನೂ ಹೆತ್ತಿಲ್ಲ. ಈ ಮನೆಯವಳ ಸೊಂಟನೋವು, ಆ ಮನೆಯವನ ಎರಡನೇ ಮದುವೆ, ಪಕ್ಷದ ಕಾರ್ಯದರ್ಶಿ ಕೂದಲಿಗೆ ಬಳಿಯುವ ಬಣ್ಣ, ಅಣ್ಣನ ಗೊರಕೆ, ಸತ್ತ ಅತ್ತೆಯ ಬೈಗುಳ, ಎಲ್ಲವೂ ಆ ತಿರುವುಗಳಲ್ಲೇ ಬರುತ್ತಿದ್ದವು. ಮನೆಯಲ್ಲಿ ಎದುರುಬದುರು ಕುಳಿತಾಗ ಹೇಳಲಾಗದ್ದನ್ನು ಕೂಡ ಇಬ್ಬರೂ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ನಿಂತು ಹೇಳಿಕೊಂಡಿದ್ದರು. ಕನ್ನಡಕದಕ್ಕನಿಗೆ ಮಕ್ಕಳಾಗುವುದಿಲ್ಲ ಎಂದು ವೈದ್ಯರು ಹೇಳಿದ ಸುದ್ದಿ ಗಂಡನಿಗಿಂತ ಮೊದಲು ನಾದಿನಿಗೆ ಗೊತ್ತಾದದ್ದು ಹಾಗೆಯೇ. ನಾದಿನಿ ಮದುವೆಯ ಮಾತು ಮುರಿದದ್ದು ಏಕೆ ಎಂಬುದು ಇವತ್ತಿಗೂ ಕನ್ನಡಕದಕ್ಕನಿಗೆ ಮಾತ್ರ ಗೊತ್ತು.

ಪಕ್ಷ ಹಳೆಯದು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಅದರ ಕಚೇರಿ. ಶಿಸ್ತು, ಮಿತವ್ಯಯ, ಒಳ್ಳೆಯ ಶಾಲೆ, ಕಟ್ಟಿಕೊಳ್ಳದ ಚರಂಡಿ, ಇಷ್ಟು ಅದರ ಸಿದ್ಧಾಂತ. ಅದರಲ್ಲಿ ಜಗಳವಾಡುವಂಥದ್ದು ಏನೂ ಇರಲಿಲ್ಲ, ಊರಾಚೆ ಕಾರ್ಖಾನೆ ಬರುವ ತನಕ. ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನ ಬಂದರು. ಬಂದವರು ತಗಡಿನ ಕೆಳಗೆ ಇದ್ದರು, ಮಕ್ಕಳನ್ನು ಹೆತ್ತರು, ನಗರಸಭೆಯ ಮನೆಗಳಿಗೆ ಅರ್ಜಿ ಹಾಕಿದರು. ಅರ್ಜಿ ಹಾಕಿದವರ ಹೆತ್ತವರು ಇದೇ ಊರಲ್ಲಿ ಹುಟ್ಟಿದವರಾಗಿದ್ದರೆ ಮಾತ್ರ ನಗರಸಭೆಯ ಮನೆ ಎಂಬ ನಿಯಮ ತರಬೇಕು ಎಂದು ಪಕ್ಷದಲ್ಲಿ ಒಂದು ಗುಂಪು ಹೇಳಿತು. ಎಲ್ಲರದೂ ಒಂದೇ ಸರತಿ, ಕಷ್ಟ ಹೆಚ್ಚಿದ್ದವರು ಮುಂದೆ ಎಂದು ಇನ್ನೊಂದು ಗುಂಪು. ಮೊದಲಿನವರು ತಮ್ಮನ್ನು ಸಂಪ್ರದಾಯನಿಷ್ಠರು ಎಂದುಕೊಂಡರು, ಎರಡನೆಯವರು ಮಧ್ಯಮಮಾರ್ಗಿಗಳು ಎಂದುಕೊಂಡರು. ಇಷ್ಟುದ್ದದ ಹೆಸರು ಬೀದಿಯಲ್ಲಿ ಬಾಳುವುದಿಲ್ಲ. ಕನ್ನಡಕದಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು, ಪಕ್ಷದ ಚಂದಾ ಕಟ್ಟುವುದು ಬಿಟ್ಟರೆ ಬೇರೆ ರಾಜಕೀಯವಿಲ್ಲದವನು. ಅವನು ಒಂದು ದಿನ ಊಟ ಮಾಡುತ್ತ, ಇದೇನು ಹಾಸಿಗೆ ಅಂಗಡಿಯ ವ್ಯಾಪಾರವೇ, ಗಟ್ಟಿಯದು ಬೇಕೋ ಮೆತ್ತನೆಯದು ಬೇಕೋ ಅನ್ನುವುದಕ್ಕೆ ಎಂದ. ಆ ಮಾತು ಹೇಗೋ ಹೊರಗೆ ಹೋಗಿ ಒಂದು ಕಡೆಯವರು ಗಟ್ಟಿಗಳಾದರು, ಇನ್ನೊಂದು ಕಡೆಯವರು ಮೆತ್ತಗಳಾದರು.

ನಾದಿನಿ ಗಟ್ಟಿ. ಅವಳ ವಾದ ಹುಡುಗಾಟದ್ದಲ್ಲ. ಈ ಊರಿನ ಬಡವರು ಮನೆಗಾಗಿ ಕಾದು ಕಾದು ತಲೆ ನೆರೆಸಿಕೊಂಡಿದ್ದಾರೆ, ತೆರಿಗೆ ಕಟ್ಟಿದ್ದಾರೆ, ಬರದ ವರ್ಷಗಳಲ್ಲಿ ನೀರಿನ ಕೊಳವೆ ಹೂಳಲು ಬಿಟ್ಟಿ ದುಡಿದಿದ್ದಾರೆ. ನಿನ್ನೆ ಬಂದವನ ಕಷ್ಟ ದೊಡ್ಡದು ಎಂದು ಅವನನ್ನು ಮುಂದೆ ಬಿಟ್ಟರೆ ಕಾದವರಿಗೆ ನಾವು ಕೊಡುವ ಉತ್ತರ ಏನು ಎಂದು ಅವಳು ಕೇಳುತ್ತಿದ್ದಳು. ಅದಕ್ಕೆ ಮೆತ್ತಗಳ ಬಳಿಯೂ ಒಳ್ಳೆಯ ಉತ್ತರವಿರಲಿಲ್ಲ.

ಕನ್ನಡಕದಕ್ಕನ ಬಳಿ ವಾದವೇ ಇರಲಿಲ್ಲ. ಕಾರ್ಖಾನೆಯ ಹೆಂಗಸರು ಕಣ್ಣು ತೋರಿಸಲು ಬಂದಾಗ ಅವರ ಮುಖಕ್ಕೂ ಅವಳು ಚೌಕಟ್ಟು ಕೂರಿಸುತ್ತಿದ್ದಳು. ಅವರ ಕಿವಿಗಳೂ ಬೇರೆಯವರ ಕಿವಿಗಳ ಹಾಗೆಯೇ ಮೇಲೆ ಕೆಳಗೆ ಇದ್ದವು. ಇದನ್ನು ಸಭೆಯಲ್ಲಿ ಹೇಳುವ ಹಾಗಿರಲಿಲ್ಲ. ನಿಯಮದ ಬಗ್ಗೆ ಪಕ್ಷದ ಅಭಿಪ್ರಾಯ ತಿಳಿಯಲು ಮೇಲಿನ ಕೋಣೆಯಲ್ಲಿ ಸಭೆ ಸೇರಿದಾಗ ನಾದಿನಿ ಎಂದಿನಂತೆ ಮುಂದೆ ನಿಂತು ಮಾತಾಡಿದಳು. ಹೊರಗಿನವರು ಎಂಬ ಶಬ್ದ ಅವಳ ಬಾಯಲ್ಲಿ ಮತ್ತೆ ಮತ್ತೆ ಬಂತು. ಕನ್ನಡಕದಕ್ಕ ಎದ್ದು ನಿಂತಳು. ಆ ಕೋಣೆಯಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

“ನಾನೂ ಹೊರಗಿನಿಂದ ಬಂದವಳೇ,” ಎಂದಳು.

ಕೋಣೆಯಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ, ಮನೆಯವರ ನಗು.

“ನೀನು ಬೇರೆ ಅತ್ತಿಗೆ,” ಎಂದಳು ನಾದಿನಿ, ಅವಳೂ ನಗುತ್ತ. “ಸೊಸೆ ಅಂದ್ಮೇಲೆ ಹೊರಗಿಂದಲೇ ಬರ್ಬೇಕು. ನಿನ್ನ ಯಾರು ಹೊರಗಿನವಳು ಅಂದ್ರು?”

“ನಾಳೆ ನನ್ನ ತಂಗಿ ಮಕ್ಕಳು ಕೆಲಸ ಹುಡುಕ್ಕೊಂಡು ಬಂದ್ರೆ?”

“ಬರಲಿ. ಊಟ ಹಾಕೋಣ. ಮನೆ ಕೊಡೋಕಾಗಲ್ಲ.”

ಆಮೇಲೆ ಕೈ ಎತ್ತುವ ಸಮಯ ಬಂತು. ಕನ್ನಡಕದಕ್ಕ ಮೆತ್ತಗಳ ಜೊತೆ ಕೈ ಎತ್ತಿದಳು. ತನ್ನದೇ ಕೈ ತನ್ನ ಮಾತು ಕೇಳದೆ ಎದ್ದರೆ ನೋಡುವ ಹಾಗೆ ನಾದಿನಿ ಆ ಕೈಯನ್ನು ನೋಡಿದಳು. ಎರಡು ಕಡೆಯ ಕೈಗಳೂ ಹೆಚ್ಚುಕಡಿಮೆ ಸಮವಾಗಿದ್ದವು. ಏನೂ ತೀರ್ಮಾನವಾಗದೆ ಸಭೆ ಮುಗಿಯಿತು.

ವಾರದ ರಜೆಯ ದಿನ ನಾದಿನಿ ಅಣ್ಣನ ಮನೆಗೆ ಊಟಕ್ಕೆ ಬರುವುದು ಅತ್ತೆ ಸತ್ತಾಗಿನಿಂದ ನಡೆದು ಬಂದಿತ್ತು. ಆ ರಜೆಗೆ ಅವಳು ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಜಗಳವೆಂಬುದು ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಕರೆದರೆ ಬಂದೇನು ಎಂದು ಅವಳು, ಬಂದರೆ ಬಡಿಸೇನು ಎಂದು ಇವಳು. ನಡುವೆ ಗಂಡ ಡಬ್ಬಿಯಲ್ಲಿ ಊಟ ಹಾಕಿಸಿಕೊಂಡು ತಂಗಿಯ ಮನೆಗೆ ಹೋಗಿ ಬರತೊಡಗಿದ. ಲಿಫ್ಟ್ ಆದರೂ ಒಂದು ಕಡೆ ನಿಂತು ಕೆಡುತ್ತೆ, ನಾನು ಮೇಲೂ ಇಲ್ಲ ಕೆಳಗೂ ಇಲ್ಲ ಎಂದು ಗೊಣಗಿದ. ಅವಳು ಏನಂದಳು ಎಂದು ಇವಳು ಕೇಳುತ್ತಿರಲಿಲ್ಲ. ಡಬ್ಬಿ ತೊಳೆಯುವಾಗ ಏನು ಉಳಿದಿದೆ ಎಂದು ಮಾತ್ರ ನೋಡುತ್ತಿದ್ದಳು.

ಕೆಲವು ಕಾಲದ ನಂತರ ಕನ್ನಡಕದಕ್ಕ ಅಂಗಡಿಯಿಂದ ಮನೆಗೆ ಬಸ್ ನಿಲ್ದಾಣದ ಕಡೆಯಿಂದ ಬರತೊಡಗಿದಳು. ಅದು ಸುತ್ತಿನ ದಾರಿ. ಅವಳ ಮನೆಗೆ ಬಸ್ಸು ಬೇಕಿರಲಿಲ್ಲ. ನಿಲ್ದಾಣದ ಒಂದು ಮೂಲೆಯಲ್ಲಿ, ಸಾಮಾನು ಇಟ್ಟುಕೊಂಡು ಕುಳಿತ ಪ್ರಯಾಣಿಕರ ನಡುವೆ ಬೆಂಚಿನ ಮೇಲೆ ಕೂರುತ್ತಿದ್ದಳು. ತಲೆಯ ಮೇಲಿನ ಧ್ವನಿವರ್ಧಕದಲ್ಲಿ ನಾದಿನಿಯ ದನಿ ಬರುತ್ತಿತ್ತು. ಪ್ರಯಾಣಿಕರು ದಯವಿಟ್ಟು ಗಮನಿಸಿ. ಬಸ್ಸು ತಡವಾಗಿದೆ, ಕ್ಷಮಿಸಿ. ಬಸ್ಸು ಹೊರಡಲು ಸಿದ್ಧವಾಗಿದೆ. ದನಿ ಒಡೆದಿದ್ದರೆ ನೆಗಡಿ ಎಂದು, ಮಾತು ಓಡುತ್ತಿದ್ದರೆ ಹಸಿವು ಎಂದು ಇವಳಿಗೆ ತಿಳಿಯುತ್ತಿತ್ತು. ನಾದಿನಿ ಕೂರುವ ಗಾಜಿನ ಗೂಡು ಮಹಡಿಯ ಮೇಲಿತ್ತು. ಅಲ್ಲಿಂದ ಬೆಂಚು ಕಾಣುವುದಿಲ್ಲ ಎಂಬುದನ್ನು ಮೊದಲೇ ಖಚಿತ ಮಾಡಿಕೊಂಡಿದ್ದಳು. ಒಮ್ಮೆ ನಿಲ್ದಾಣದ ಕಸ ಗುಡಿಸುವವಳು ಯಾವ ಕಡೆಯ ಬಸ್ಸು ಬೇಕಮ್ಮ, ದಿನಾ ತಪ್ಪಿಸ್ಕೋತೀರಲ್ಲ ಎಂದು ಕೇಳಿದಳು. ಕನ್ನಡಕದಕ್ಕ ಎದ್ದು ಮನೆಗೆ ಹೋದಳು. ಮರುದಿನ ಬೇರೆ ಬೆಂಚಿನಲ್ಲಿ ಕುಳಿತಳು.

ನಗರಸಭೆಯ ಚುನಾವಣೆ ಬಂತು. ಆ ಭಾಗದಿಂದ ಪಕ್ಷದ ಅಭ್ಯರ್ಥಿ ಯಾರು ಎಂದು ಮೊದಲು ಸದಸ್ಯರೇ ಮತ ಹಾಕಿ ಆರಿಸಬೇಕು. ಗಟ್ಟಿಗಳು ಬೇಕರಿಯ ಮಾಲೀಕನನ್ನು ನಿಲ್ಲಿಸಿದರು, ಮೆತ್ತಗಳು ಔಷಧಿ ಅಂಗಡಿಯವನನ್ನು. ಬೇಕರಿಯವನು ಗೆದ್ದರೆ ಮನೆಗಳ ನಿಯಮ ಬರುತ್ತದೆ, ಔಷಧಿಯವನು ಗೆದ್ದರೆ ಬರುವುದಿಲ್ಲ. ಅಷ್ಟು ಸ್ಪಷ್ಟವಿತ್ತು. ಕಾರ್ಖಾನೆಯ ಹೆಂಗಸರಲ್ಲಿ ಒಬ್ಬಳು, ಮಗುವಿನ ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದವಳು, ನಮ್ಮ ಅರ್ಜಿ ಏನಾಗುತ್ತೆ ಅಕ್ಕ ಎಂದು ಕೇಳಿದ್ದಳು. ನೋಡೋಣ ಎಂದು ಕನ್ನಡಕದಕ್ಕ ಹೇಳಿದ್ದಳು. ಅವಳ ಮಟ್ಟಿಗೆ ಅದು ಮಾತು ಕೊಟ್ಟ ಹಾಗೆಯೇ.

ಮೆತ್ತಗಳು ಅವಳಿಗೆ ಜೊತೆಯಾಗಿ ಕಾಲೇಜಿನ ಉಪನ್ಯಾಸಕಿಯೊಬ್ಬಳನ್ನು ಕೊಟ್ಟರು. ಓದಿದ ಹೆಂಗಸು, ಒಳ್ಳೆಯವಳು. ಬಾಗಿಲು ತೆರೆದವರಿಗೆ ಪೀಠಿಕೆಯಿಂದ ಶುರುಮಾಡುತ್ತಿದ್ದಳು. ಒಲೆಯ ಮೇಲಿನದು ಸೀದು ಹೋಗುತ್ತದೆ ಎಂದು ಅವರು ಕಾಲು ಬದಲಿಸುವುದನ್ನು ಕನ್ನಡಕದಕ್ಕ ನೋಡುತ್ತ ನಿಲ್ಲುತ್ತಿದ್ದಳು. ತಿರುವಿಗೆ ಬಂದ ಮೇಲೆ ಆಕೆ ಏನು ಎಂದು ಕೇಳುತ್ತಿರಲಿಲ್ಲ, ಚೆನ್ನಾಗಿ ಹೋಯಿತಲ್ಲವೇ ಎಂದು ಕೇಳುತ್ತಿದ್ದಳು. ಹೌದು ಎನ್ನದೆ ವಿಧಿಯಿರಲಿಲ್ಲ.

ನೀರಿನ ತೊಟ್ಟಿಯ ಪಕ್ಕದ ದೊಡ್ಡ ಕಟ್ಟಡವನ್ನು ಪಕ್ಷವೇ ತನ್ನ ಒಳ್ಳೆಯ ದಿನಗಳಲ್ಲಿ ಕಟ್ಟಿಸಿದ್ದು. ಅದರ ಮನೆಮನೆಯಲ್ಲೂ ಸದಸ್ಯರಿದ್ದರು. ಆ ಕಟ್ಟಡ ಯಾರ ಕಡೆಯೋ ಗೆಲುವು ಅವರ ಕಡೆ ಎಂದು ಎರಡು ಗುಂಪಿಗೂ ಗೊತ್ತಿತ್ತು. ಅಲ್ಲಿಗೆ ಹೋಗಬೇಕಾದ ಸಂಜೆ ಉಪನ್ಯಾಸಕಿಗೆ ಜ್ವರ. ಕನ್ನಡಕದಕ್ಕ ಒಬ್ಬಳೇ ಹೊರಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡಳು: ಮನೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಮೊದಲು, ಇಷ್ಟೇ ನಾವು ಕೇಳೋದು. ಕಟ್ಟಡದ ಲಿಫ್ಟ್ ಬಿಚ್ಚಿಹಾಕಿದ್ದರು. ಗಂಡನ ಕೈಚೀಲ ಅದರ ಬಾಗಿಲಲ್ಲಿತ್ತು, ಗಂಡ ಎಲ್ಲೋ ಚಹಾಕ್ಕೆ ಹೋಗಿದ್ದ. ಕೆಳಗಿನ ಕಟ್ಟೆಯ ಮೇಲೆ ಗಟ್ಟಿಗಳ ಕಡೆಯ ನಿವೃತ್ತ ದಾದಿಯೊಬ್ಬಳು ಮಂಡಿ ನೀವಿಕೊಳ್ಳುತ್ತ ಕುಳಿತಿದ್ದಳು. ಈ ಮೆಟ್ಟಿಲು ನನ್ನ ಕೈಲಾಗಲ್ಲ, ಅವಳೊಬ್ಬಳೇ ಹೋದಳು ಎಂದಳು, ಯಾರು ಎಂದು ಹೇಳದೆ.

ಮೊದಲ ಮಹಡಿಯಲ್ಲಿ ನಾದಿನಿ ಕರೆಗಂಟೆ ಒತ್ತಿ ನಿಂತಿದ್ದಳು. ಕನ್ನಡಕದಕ್ಕ ಮೆಟ್ಟಿಲ ಕೊನೆಗೆ ಬರುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ದಾಟಿ ಹೋಗಲು ಜಾಗವಿರಲಿಲ್ಲ, ಇಳಿದು ಹೋಗುವುದು ಹೇಡಿತನವೆನಿಸಿತು. ಅವಳು ನಿಂತಳು. ನಿಂತದ್ದು ನಾದಿನಿಯ ಎಡಕ್ಕೆ, ಒಂದು ಹೆಜ್ಜೆ ಹಿಂದೆ. ಕಾಲಿಗೆ ಬೇರೆ ಜಾಗ ತಿಳಿದಿರಲಿಲ್ಲ.

ನಾದಿನಿ ತಿರುಗಿ ನೋಡಲಿಲ್ಲ. ಮಾತು ಶುರುಮಾಡಿದಳು. ಕನ್ನಡಕದಕ್ಕ ಬಾಗಿಲಲ್ಲಿದ್ದ ಹೆಂಗಸಿನ ಮುಖ ನೋಡಿದಳು. ಬಾಗಿಲು ಮುಚ್ಚಿತು. ಇಬ್ಬರೂ ಮೇಲೆ ಹತ್ತಿದರು. ತಿರುವಿನಲ್ಲಿ ನಾದಿನಿ ಗೋಡೆಗೆ ಒರಗಿ, ಅವಳ ಕಡೆ ನೋಡದೆ, “ಏನು?” ಎಂದಳು.

“ಅವಳದು ತಲೆಯಾಡಿಸೋದು ಮಾತ್ರ. ಒಳಗೆ ಕೂತಿದ್ದನಲ್ಲ ಗಂಡ, ಅವನು ಹಾಕ್ತಾನೆ.”

“ಅವನಿಗೆ ಕೇಳಿಸುತ್ತಾ? ಕಿವುಡ ಅಂತಿದ್ರು.”

“ಬೇಕಾದ್ದು ಕೇಳಿಸುತ್ತೆ.”

ನಾದಿನಿ ನಕ್ಕಳು. ಆ ನಗು ಮೆಟ್ಟಿಲ ಬಾವಿಯಲ್ಲಿ ಕೆಳಗಿನ ತನಕ ಹೋಯಿತು. ಕನ್ನಡಕದಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಮುಂದಿನ ಬಾಗಿಲಲ್ಲಿ ನಾದಿನಿ ಮುಗಿಸಿದ ಮೇಲೆ ನಾನು ನನ್ನ ಕಡೆಯ ಮಾತು ಹೇಳುತ್ತೇನೆ ಎಂದು ಅವಳು ಅಂದುಕೊಂಡಳು. ಮುಂದಿನ ಬಾಗಿಲು ಬಂತು. ಅದರ ಮುಂದಿನದರಲ್ಲಿ ಹೇಳುತ್ತೇನೆ ಎಂದುಕೊಂಡಳು. ಬಾಯಿ ಬಿಟ್ಟರೆ ಇದು ಮುಗಿಯುತ್ತದೆ ಎಂದು ಗೊತ್ತಿತ್ತು. ನಾನೇನು ಅವರ ಪರ ಮಾತಾಡಿದೆನೇ, ಸುಮ್ಮನೆ ನಿಂತಿದ್ದೇನೆ ಎಂದು ತನಗೆ ತಾನೇ ವಕಾಲತ್ತು ಮಾಡಿಕೊಂಡಳು. ಮಹಡಿಯಿಂದ ಮಹಡಿಗೆ ಮಾತು ಬೆಳೆಯಿತು. ಅಣ್ಣನ ಕೆಮ್ಮು, ನಾದಿನಿಯ ಗಂಟಲಿಗೆ ವೈದ್ಯರು ಬರೆದ ಔಷಧಿ, ಔಷಧಿ ಕೊಳ್ಳಲು ವಿರೋಧಿ ಗುಂಪಿನ ಅಭ್ಯರ್ಥಿಯ ಅಂಗಡಿಗೇ ಹೋಗಬೇಕಾದ ಸಂಕಟ. ಅವನು ರಿಯಾಯಿತಿ ಕೊಟ್ಟನಂತೆ. ಅದಕ್ಕೇ ಮೆತ್ತಗಳು ಅನ್ನೋದು ಎಂದಳು ನಾದಿನಿ. ಎಲ್ಲದರ ಬಗ್ಗೆಯೂ ಮಾತಾಡಿದರು, ದೂರವಿದ್ದ ಆ ಒಂದು ವರ್ಷದ ಬಗ್ಗೆ ಬಿಟ್ಟು. ಕೊನೆಯ ಮಹಡಿಯ ಮೇಲೆ, ಮಾಳಿಗೆಗೆ ಹೋಗುವ ಮೆಟ್ಟಿಲಲ್ಲಿ ಕುಳಿತು ನಾದಿನಿ ಚೀಲದಿಂದ ಕಿತ್ತಳೆ ತೆಗೆದು ಸುಲಿದಳು, ಅರ್ಧ ಕೊಟ್ಟಳು. ಬೀಜ ಎಲ್ಲಿ ಉಗಿಯಬೇಕೆಂದು ತಿಳಿಯದೆ ಇಬ್ಬರೂ ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ಕೆಳಗಿಳಿದರು.

ಮತ ಎಣಿಸಿದಾಗ ಬೇಕರಿಯವನು ಗೆದ್ದಿದ್ದ. ಅಂತರ ಕಡಿಮೆ, ಆ ಒಂದು ಕಟ್ಟಡದಷ್ಟು.

ಔಷಧಿ ಅಂಗಡಿಯವನು ಮರುದಿನ ಕನ್ನಡಕದ ಅಂಗಡಿಗೆ ಬಂದ. ಬೇರೆ ಗಿರಾಕಿಗಳು ಹೋಗುವ ತನಕ ಚೌಕಟ್ಟುಗಳನ್ನು ನೋಡುತ್ತ ನಿಂತಿದ್ದ. ಸಿಟ್ಟಿನ ಮನುಷ್ಯನಲ್ಲ. ಕಟ್ಟಡದವರನ್ನು ವಿಚಾರಿಸಿದೆ, ನಿಮ್ಮ ಕನ್ನಡಕದಕ್ಕನೇ ಅವರ ಜೊತೆ ಬಂದಿದ್ದರಲ್ಲ, ಅತ್ತಿಗೆ ನಾದಿನಿ ಒಂದಾಗಿದ್ದಾರೆ ಅಂದ ಮೇಲೆ ಪಕ್ಷದ ಜಗಳವೇ ಮುಗಿದಿದೆ ಅಂದುಕೊಂಡೆವು ಅಂದರು ಎಂದ.

“ನೀವು ಹೋಗಿದ್ದು ನಿಜಾನಾ?”

“ನಿಜ.”

“ಏನಾದ್ರೂ ಹೇಳಿದ್ರಾ?”

“ಏನೂ ಹೇಳಲಿಲ್ಲ.”

“ಅದ್ರಿಂದ್ಲೇ ಆಗಿದ್ದು,” ಎಂದು ಅವನು ಹೊರಟುಹೋದ.

ಮರಳಿನ ತಟ್ಟೆಯಲ್ಲಿ ಯಾರದೋ ಚೌಕಟ್ಟಿನ ಕಡ್ಡಿ ಹೆಚ್ಚು ಹೊತ್ತು ಉಳಿದು ಜೋತುಬಿತ್ತು. ಆ ನಷ್ಟವನ್ನು ಅವಳ ಸಂಬಳದಲ್ಲಿ ಮುರಿದುಕೊಂಡರು. ಆ ಸಂಜೆಯ ಮುಖಗಳನ್ನು ಅವಳು ಒಂದೊಂದಾಗಿ ನೆನೆಸಿಕೊಂಡಳು. ಪ್ರತಿ ಬಾಗಿಲಲ್ಲೂ ತೆರೆದವರ ಕಣ್ಣು ನಾದಿನಿಯ ಭುಜದ ಮೇಲಿಂದ ಹಾಯ್ದು ಇವಳ ಮೇಲೆ ನಿಂತಿತ್ತು, ನಿಂತು ಮೆದುವಾಗಿತ್ತು. ಅದನ್ನು ಅವಳು ನೋಡಿದ್ದಳು. ಇಷ್ಟು ವರ್ಷ ಮುಖ ನೋಡಿದವಳಿಗೆ, ತನ್ನನ್ನೂ ಜನ ನೋಡುತ್ತಾರೆ ಎಂಬುದು ಹೊಳೆದಿರಲಿಲ್ಲ. ಕಾರ್ಖಾನೆಯ ಆ ಹೆಂಗಸು ಮತ್ತೆ ಅಂಗಡಿಗೆ ಬಂದಾಗ ಅರ್ಜಿಯ ವಿಷಯ ಎತ್ತಲಿಲ್ಲ. ಮಗುವಿನ ಕನ್ನಡಕ ಸರಿಯಾಗಿದೆ ಎಂದಷ್ಟೇ ಹೇಳಿ ಹೋದಳು.

ಆ ವಾರದ ರಜೆಯ ದಿನ ನಾದಿನಿ ಊಟಕ್ಕೆ ಬಂದಳು. ಯಾರೂ ಕರೆದಿರಲಿಲ್ಲ. ತನ್ನ ಜಾಗದಲ್ಲಿ ಕುಳಿತಳು, ಉಪ್ಪು ಕಡಿಮೆ ಎಂದಳು, ಅಣ್ಣನಿಗೆ ಬಡಿಸಿದ್ದು ಹೆಚ್ಚಾಯಿತು ಎಂದಳು. ಅಣ್ಣನಿಗೆ ಸಂತೋಷದಲ್ಲಿ ಕೆಮ್ಮು ಬಂತು. ಊಟವಾಗಿ ಅವನು ಮಲಗಿದ ಮೇಲೆ ಅವಳು ವಿಷಯಕ್ಕೆ ಬಂದಳು. ಇನ್ನು ದೊಡ್ಡ ಚುನಾವಣೆ, ಎದುರು ಪಕ್ಷದವರ ಜೊತೆ. ಒಳಗೆ ಎಷ್ಟೇ ಕಿತ್ತಾಡಿದರೂ ಸೋತವರು ಗೆದ್ದವರ ಪರ ದುಡಿಯಬೇಕೆಂಬುದು ಪಕ್ಷದ ಕಟ್ಟಳೆ. ನಾಡಿದ್ದಿನಿಂದ ಹೊರಡೋಣ, ಮೊದಲು ಮಾರುಕಟ್ಟೆ ಕಡೆಯ ಬೀದಿಗಳು ಎಂದಳು.

ಕನ್ನಡಕದಕ್ಕ ಮೇಜು ಒರೆಸುತ್ತಿದ್ದಳು. ಈ ಮಾತನ್ನು ಕೇಳುವುದಕ್ಕಾಗಿ ಅವಳು ಎಷ್ಟು ಸಂಜೆ ಬೇಡದ ಬೆಂಚಿನ ಮೇಲೆ ಕುಳಿತಿದ್ದಳೋ ಲೆಕ್ಕವಿಲ್ಲ. ಒರೆಸುವುದನ್ನು ನಿಲ್ಲಿಸಿ ಕೇಳಿದಳು:

“ಆ ದಿನ ಮೆಟ್ಟಿಲ ಮೇಲೆ, ಜನ ಏನು ತಿಳ್ಕೋತಾರೆ ಅಂತ ನಿನಗೆ ಗೊತ್ತಿತ್ತಾ?”

ನಾದಿನಿ ಮೇಜಿನ ಮೇಲೆ ಉಳಿದಿದ್ದ ಲೋಟವನ್ನು ಬದಿಗೆ ಸರಿಸಿದಳು.

“ಮೊದಲನೇ ಮಹಡೀಲಿ ಗೊತ್ತಿರಲಿಲ್ಲ,” ಎಂದಳು.

“ಆಮೇಲೆ?”

“ಆಮೇಲೆ ನಿನ್ನ ಕಳಿಸಬೇಕಿತ್ತು. ಕಳಿಸೋಕೆ ಮನಸ್ಸು ಬರಲಿಲ್ಲ.”

“ಮತಕ್ಕೋಸ್ಕರನಾ?”

“ಅದೂ ಹೌದು.” ಸುಳ್ಳು ಹೇಳುವ ಅಭ್ಯಾಸ ಆ ಮನೆತನದಲ್ಲೇ ಇರಲಿಲ್ಲ. “ನೀನು ಹೋಗಬಹುದಿತ್ತಲ್ಲ ಅತ್ತಿಗೆ. ಯಾರೂ ಕಟ್ಟಿಹಾಕಿರಲಿಲ್ಲ.”

ಅದು ಸರಿಯಾದ ಮಾತು. ಕನ್ನಡಕದಕ್ಕ ಒಪ್ಪಿಕೊಂಡಳು. ಆಮೇಲೆ, ನಾನು ಬರುವುದಿಲ್ಲ ಎಂದಳು. ನಾದಿನಿ ಕಟ್ಟಳೆಯನ್ನು ನೆನಪಿಸಿದಳು. ಕಟ್ಟಳೆ ನನಗೂ ಗೊತ್ತು, ಮುರಿದದ್ದಕ್ಕೆ ಪಕ್ಷದಿಂದ ಹೆಸರು ತೆಗೆದರೆ ತೆಗೆಯಲಿ ಎಂದಳು ಕನ್ನಡಕದಕ್ಕ. ಒಂದು ಸಲ ಸುಮ್ಮನೆ ನಿಂತು ಒಬ್ಬರ ಮನೆ ಕಳೆದೆ, ಮತ್ತೆ ನಿಲ್ಲಲಾರೆ ಎಂದಳು. ನಾದಿನಿ ಎದ್ದು ಸ್ವೆಟರ್ ಹಾಕಿಕೊಂಡಳು. ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಜೋರಾಗಿ ಬಡಿದಿದ್ದರೆ ಚೆನ್ನಾಗಿತ್ತು.

ಮತ ಕೇಳುವವರು ಇವರ ಬೀದಿಗೂ ಬಂದರು. ನಮ್ಮವರ ಮನೆ ಎಂದು ಯಾವ ಬಾಗಿಲನ್ನೂ ಬಿಡಬಾರದು, ಬಿಟ್ಟ ಮನೆಯೇ ಕೈಕೊಡುತ್ತದೆ ಎಂಬುದು ಅತ್ತೆಯ ಕಾಲದ ನಿಯಮ. ಕರೆಗಂಟೆಯಾಯಿತು. ಕನ್ನಡಕದಕ್ಕ ಬಾಗಿಲು ತೆರೆದಳು. ಎದುರಿಗೆ ನಾದಿನಿ, ಅವಳ ಎಡಕ್ಕೆ, ಒಂದು ಹೆಜ್ಜೆ ಹಿಂದೆ, ಮಂಡಿನೋವಿನ ದಾದಿ.

ನಾದಿನಿ ಚೀಲವನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡಳು. ಆಮೇಲೆ ಎಲ್ಲ ಬಾಗಿಲಲ್ಲಿ ಹೇಳುವ ಹಾಗೆ, ನಮಸ್ಕಾರ ಅಮ್ಮ, ನಿಮ್ಮ ಎರಡು ನಿಮಿಷ ಬೇಕು ಎಂದು ಶುರುಮಾಡಿದಳು.

ಅಷ್ಟು ವರ್ಷ ಆ ಮಾತನ್ನು ಹಿಂದಿನಿಂದ ಕೇಳಿದವಳು ಕನ್ನಡಕದಕ್ಕ. ನಾದಿನಿಯ ಬೆನ್ನು, ಜಡೆ, ಕಿವಿಯ ಹಿಂಬದಿ ಅವಳಿಗೆ ಬಾಯಿಪಾಠವಿತ್ತು. ಮಾತಾಡುವಾಗ ಅವಳ ಮುಖ ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದಳು. ಹುಬ್ಬು ಮೇಲೇರುತ್ತದೆ, ಗದ್ದ ಮುಂದೆ ಬರುತ್ತದೆ, ವಯಸ್ಸು ಇಳಿಯುತ್ತದೆ. ಚರಂಡಿಯ ಮಾತು ಬಂತು, ಶಾಲೆಯ ಮಾತು ಬಂತು, ಮನೆಗಳ ಮಾತು ಬಂತು. ಇಲ್ಲೇ ಹುಟ್ಟಿ ಇಲ್ಲೇ ಕಾದವರಿಗೆ ಮೊದಲು ಎನ್ನುವಾಗ ಕನ್ನಡಕದಕ್ಕ ಕಣ್ಣು ಮಿಟುಕಿಸದೆ ಹುಡುಕಿದಳು. ಎಲ್ಲಾದರೂ ಒಂದು ಕಡೆ ನಂಬಿಕೆಯಿಲ್ಲದ ಗೆರೆ ಸಿಕ್ಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಸಿಗಲಿಲ್ಲ. ಆ ಹೆಂಗಸು ಹೇಳುತ್ತಿದ್ದುದನ್ನೆಲ್ಲ ನಂಬಿದ್ದಳು, ಹೇಳುವಾಗ ಸುಂದರವಾಗಿ ಕಾಣುತ್ತಿದ್ದಳು.

“ಯೋಚನೆ ಮಾಡಿ,” ಎಂದಳು ನಾದಿನಿ ಕೊನೆಗೆ.

“ಮಾಡ್ತೀನಿ.”

ಅವರು ಮೆಟ್ಟಿಲ ಕಡೆ ತಿರುಗಿದರು. ಕನ್ನಡಕದಕ್ಕ ಬಾಗಿಲು ಹಾಕಲಿಲ್ಲ. ತಿರುವಿನಲ್ಲಿ ಹೆಜ್ಜೆಗಳು ನಿಂತವು. ಮುಖ ನೋಡಿ ಏನೂ ಹೇಳೋಕಾಗಲ್ಲಪ್ಪ ಎಂದು ದಾದಿ ಏದುಸಿರಿನಲ್ಲಿ ಹೇಳುವುದು ಕೇಳಿಸಿತು.

“ನಮಗೆ ಹಾಕಲ್ಲ ಅವಳು,” ಎಂದಳು ನಾದಿನಿ. “ಸಾಯೋ ತನಕ ಹಾಕಲ್ಲ. ನಡ್ಕೊಂಡು ಬಾ, ಮೆಲ್ಲಗೆ.”

ಮೇಲಿನ ಮನೆಯ ಕರೆಗಂಟೆಯಾಯಿತು, ಬಾಗಿಲು ತೆರೆಯಿತು, ಮಾತು ಮತ್ತೆ ಮೊದಲಿನಿಂದ ಶುರುವಾಯಿತು. ಅದು ಮುಗಿಯುವವರೆಗೂ ಕನ್ನಡಕದಕ್ಕ ಹೊಸ್ತಿಲಲ್ಲೇ ನಿಂತಿದ್ದಳು.